ಗ್ಯಾಲರಿಯ ಕೂಗು

ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಪಂದ್ಯವಿರುವ ಸಂಜೆ ಪಶ್ಚಿಮದ ಗ್ಯಾಲರಿಯಲ್ಲಿ ಕುಳಿತವರು ಕಾಣಸಿಗುವುದು ಅಪರೂಪ. ನೀಲಿ ಅಂಗಿ ತೊಟ್ಟ ತರುಣರು ತೊಂಬತ್ತು ನಿಮಿಷವೂ ನಿಂತು ಒಕ್ಕೊರಲಿನಿಂದ ಹಾಡುತ್ತಾರೆ. 2013ರಲ್ಲಿ ಬೆಂಗಳೂರು ಎಫ್.ಸಿ. ತಂಡದೊಡನೆಯೇ ಹುಟ್ಟಿದ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗವಿದು. ಈ ಕೂಗಾಟದಿಂದ ಆಗುವುದೇನೆಂದು ಹಿರಿಯರು ಕೇಳುವುದುಂಟು. ಉತ್ತರವನ್ನು ಫುಟ್‌ಬಾಲಿನ ಚರಿತ್ರೆಯಲ್ಲೇ ಹುಡುಕಬೇಕು.

1911ರ ಜುಲೈ 29ರಂದು ಕಲ್ಕತ್ತೆಯ ಮೋಹನ್ ಬಾಗಾನ್ ತಂಡದವರು ಹೆಚ್ಚು ಕಡಿಮೆ ಎಲ್ಲರೂ ಬರಿಗಾಲಿನಲ್ಲಿ ಆಡಿ, ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಆಂಗ್ಲ ಸೈನಿಕರನ್ನು 2–1 ಗೋಲುಗಳಿಂದ ಸೋಲಿಸಿದರು. ಆಡಿದವರು ಹನ್ನೊಂದೇ ಮಂದಿ. ಆದರೆ ಆಳುವವರೂ ಸೋಲಬಲ್ಲರೆಂಬುದನ್ನು ಕಣ್ಣಾರೆ ಕಂಡವರು ಮೈದಾನದ ಸುತ್ತ ನೆರೆದಿದ್ದ ಸಾವಿರಾರು ಜನ. ನಮ್ಮ ನಾಡೂ ಹಿಂದುಳಿಯಲಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಬೊಂಬಾಯಿಯ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡವೆನಿಸಿತು.

2024ರ ಆಗಸ್ಟ್‌ನಲ್ಲಿ ಅದೇ ಕಲ್ಕತ್ತೆಯ ಆಸ್ಪತ್ರೆಯೊಂದರಲ್ಲಿ ತರುಣ ವೈದ್ಯೆಯೊಬ್ಬಳ ಹತ್ಯೆಯಾಯಿತು. 18ರಂದು ನಡೆಯಬೇಕಿದ್ದ ಮೋಹನ್ ಬಾಗಾನ್–ಈಸ್ಟ್ ಬೆಂಗಾಲ್ ಪಂದ್ಯವನ್ನು ರದ್ದುಗೊಳಿಸಲಾಯಿತು. ಆದರೂ ಒಬ್ಬರ ಮುಖವನ್ನೊಬ್ಬರು ನೋಡಲೊಲ್ಲದ ಎರಡೂ ತಂಡಗಳ ಅಭಿಮಾನಿಗಳು ಕ್ರೀಡಾಂಗಣದ ಹೊರಗೆ ಕೂಡಿ ನಿಂತು ನ್ಯಾಯ ಕೇಳಿದರು. ಪೊಲೀಸರು ಲಾಠಿ ಬೀಸಿದರು. ವೈರಿಯೊಡನೆ ನಿಂತು ಕೇಳಿದ ಈ ನ್ಯಾಯಕ್ಕೆ ಯಾವ ಟ್ರೋಫಿಯೂ ಸಾಟಿಯಲ್ಲ.

ಹಾಗೆಂದು ಗ್ಯಾಲರಿಯ ಪ್ರತಿಯೊಂದು ಕೂಗೂ ಮಾನ್ಯವಲ್ಲ. ಎದುರಾಳಿಯ ಬಣ್ಣವನ್ನೋ ಊರನ್ನೋ ಹೀಯಾಳಿಸುವ ದನಿ ಎಷ್ಟೇ ಗಟ್ಟಿಯಾಗಿದ್ದರೂ ಅದು ಅಭಿಪ್ರಾಯವೆನಿಸದು. 2018ರಲ್ಲಿ ಮುಂಬಯಿಯ ಪಂದ್ಯವೊಂದಕ್ಕೆ ಕೇವಲ 2,569 ಪ್ರೇಕ್ಷಕರು ಬಂದಾಗ ಭಾರತದ ನಾಯಕ ಸುನಿಲ್ ಛೆಟ್ರಿ, ಬೇಕಾದರೆ ಟೀಕಿಸಿರಿ, ಆದರೆ ಮೈದಾನಕ್ಕೆ ಬಂದು ಟೀಕಿಸಿರಿ ಎಂದು ಬೇಡಿಕೊಂಡರು. ಮುಂದಿನ ಪಂದ್ಯಕ್ಕೆ ಕ್ರೀಡಾಂಗಣ ತುಂಬಿತು. ಮನೆಯಲ್ಲಿ ಕುಳಿತು ಬಯ್ಯುವುದಕ್ಕೂ ಬಂದು ನಿಂತು ಪ್ರಶ್ನಿಸುವುದಕ್ಕೂ ಇರುವ ಅಂತರವನ್ನು ಅವರು ಚೆನ್ನಾಗಿ ಬಲ್ಲರು.

ಆಟದ ಜಾಗದಲ್ಲಿ ರಾಜಕೀಯ ಬೇಡವೆಂಬುದು ಫುಟ್‌ಬಾಲ್ ಆಡಳಿತದ ನಿಯಮ. ಪಕ್ಷಗಳ ಬಾವುಟಗಳಿಗೆ ಅದು ಸಲ್ಲತಕ್ಕದ್ದೇ. ಆದರೆ ಒಟ್ಟಾಗಿ ದನಿಯೆತ್ತುವ ಅಭ್ಯಾಸವನ್ನು ಬಾಗಿಲಲ್ಲಿ ತಡೆಯಲಾಗದು. ದೊಡ್ಡಬಳ್ಳಾಪುರದಿಂದಲೋ ದೇವನಹಳ್ಳಿಯಿಂದಲೋ ಬಸ್ಸು ಹಿಡಿದು ಪಂದ್ಯಕ್ಕೆ ಬರುವ ಹುಡುಗನಿಗೆ ಆ ಅಭ್ಯಾಸದ ಇನ್ನೊಂದು ಮುಖವೂ ಹತ್ತಿರದಲ್ಲೇ ಇದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ತಮ್ಮ ಭೂಮಿಗಾಗಿ 2022ರ ಏಪ್ರಿಲ್‌ನಲ್ಲಿ ಧರಣಿ ಕುಳಿತರು. ಅಲ್ಲಿ ಆಟ ಮುಗಿಯಿತೆಂದು ಸಾರುವ ಸೀಟಿ ಇರಲಿಲ್ಲ. 1,777 ಎಕರೆಯ ಸ್ವಾಧೀನವನ್ನು ಸರ್ಕಾರ ಕೈಬಿಟ್ಟದ್ದು 2025ರ ಜುಲೈ 15ರಂದು, 1,198ನೆಯ ದಿನ.