ಭಾಷಾವಿಚಾರ: ‘ಆಗಿ’ ಬಂದಲ್ಲೆಲ್ಲ ‘ಲಿ’ ಬಾರದು

ಇತ್ತೀಚೆಗೆ ನವಲಗುಂದದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನೌಕರಿಗಾಗಿ ಬರೆದ ಇಂಗ್ಲಿಷ್ ಅರ್ಜಿಯನ್ನು ತಿದ್ದಿಸಿಕೊಳ್ಳಲು ಬಂದಿದ್ದನು. ಅದರಲ್ಲಿ ‘ಐ ಹ್ಯಾವ್ ವರ್ಕ್ಡ್ ಹಾರ್ಡ್ಲಿ ಫಾರ್ ಟೂ ಇಯರ್ಸ್’ ಎಂದಿತ್ತು. ಎರಡು ವರ್ಷ ಕಷ್ಟಪಟ್ಟು ದುಡಿದೆನೆಂಬುದು ಅವನ ಅಭಿಪ್ರಾಯ. ಆದರೆ ‘ಹಾರ್ಡ್ಲಿ’ ಎಂಬುದಕ್ಕೆ ‘ಇಲ್ಲವೆನ್ನುವಷ್ಟು ಕಡಿಮೆ’ ಎಂದು ಅರ್ಥ. ದುಡಿಯಲೇ ಇಲ್ಲವೆಂದು ತಾನೇ ಒಪ್ಪಿಕೊಂಡಂತಾಯಿತು!

“ಗುರುಗಳ, ಕ್ರಿಯಾಪದದ ಸಂಗಡ ಬಂದರ ‘ಲಿ’ ಹಚ್ಚಬೇಕು ಅಂತ ನೀವ ಹೇಳಿದ್ರಲ್ಲ?” ಎಂದನು. ಹೇಳಿದ್ದು ನಿಜ, ಅರ್ಧವನ್ನು ಮಾತ್ರ ಹೇಳಿದ್ದೆನು. ಉಳಿದರ್ಧವನ್ನು ಇಲ್ಲಿ ಹೇಳುವೆನು.

ನಾಮಪದದ ಗುಣವನ್ನು ತಿಳಿಸುವುದು ವಿಶೇಷಣ. ಕ್ರಿಯೆ ನಡೆದ ರೀತಿಯನ್ನು ತಿಳಿಸುವುದು ಕ್ರಿಯಾವಿಶೇಷಣ. ಸಂಸ್ಕೃತದಲ್ಲಿ ವಿಶೇಷಣವು ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸುತ್ತದೆ. ಕ್ರಿಯಾವಿಶೇಷಣವು ಸಾಮಾನ್ಯವಾಗಿ ನಪುಂಸಕಲಿಂಗದ ದ್ವಿತೀಯಾ ಏಕವಚನದಲ್ಲಿ ನಿಲ್ಲುತ್ತದೆ: ‘ಮಧುರಂ ಗಾಯತಿ’. ಕನ್ನಡದಲ್ಲಿ ‘ಒಳ್ಳೆಯ ಹುಡುಗ’, ‘ಒಳ್ಳೆಯ ಹುಡುಗಿಯರು’ ಎಂಬಲ್ಲಿ ವಿಶೇಷಣವು ಬದಲಾಗುವುದಿಲ್ಲ, ಇಂಗ್ಲಿಷಿನಲ್ಲಿಯೂ ಹಾಗೆಯೇ. ಕ್ರಿಯೆಗೆ ನಾವು ‘ಆಗಿ’ ಸೇರಿಸುತ್ತೇವೆ, ಇಲ್ಲವೆ ‘ಮೆಲ್ಲಗೆ’ ಮುಂತಾದ ಅವ್ಯಯಗಳನ್ನು ಬಳಸುತ್ತೇವೆ. ಅವ್ಯಯಗಳಿಗಾಗಿ ಕೇಶಿರಾಜನು 13ನೆಯ ಶತಮಾನದ ತನ್ನ ಶಬ್ದಮಣಿದರ್ಪಣದಲ್ಲಿ ಒಂದು ಪ್ರಕರಣವನ್ನೇ ಇಟ್ಟಿದ್ದಾನೆ. ಇಂಗ್ಲಿಷರು ಬಹುಮಟ್ಟಿಗೆ ‘ಲಿ’ ಸೇರಿಸುತ್ತಾರೆ. ಆದ್ದರಿಂದ ‘ಆಗಿ’ ಇದ್ದಲ್ಲಿ ‘ಲಿ’ ಎಂಬ ಸೂತ್ರವು ಮಕ್ಕಳಿಗೆ ಸುಲಭವೆನಿಸುತ್ತದೆ.

ಮೋಸ ಹೋಗುವುದೂ ಅಲ್ಲಿಯೇ. ಕುಂದಗೋಳದ ಸವಾಯಿ ಗಂಧರ್ವರ (1886–1952) ವಿಷಯವಾಗಿ ಎರಡು ವಾಕ್ಯಗಳನ್ನು ನೋಡಿರಿ. ‘ಅವರು ಮಧುರವಾಗಿ ಹಾಡಿದರು’. ‘ಅವರ ಹಾಡು ಮಧುರವಾಗಿತ್ತು’. ಕನ್ನಡದಲ್ಲಿ ಎರಡು ಕಡೆಯೂ ‘ಆಗಿ’ ಇದೆ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಸ್ವೀಟ್ಲಿ’, ಎರಡನೆಯದಕ್ಕೆ ಬರಿಯ ‘ಸ್ವೀಟ್’. ಎರಡನೆಯದರಲ್ಲಿ ಮಾಧುರ್ಯವು ಹಾಡಿನ ಗುಣವೇ ಹೊರತು ‘ಇರು’ ಎಂಬ ಕ್ರಿಯೆಯ ರೀತಿಯಲ್ಲ. ಸಂಸ್ಕೃತದಲ್ಲಿ ಇದು ಸ್ಪಷ್ಟ: ‘ಗೀತಿಃ ಮಧುರಾ’ ಎಂಬಲ್ಲಿ ವಿಶೇಷಣವು ಸ್ತ್ರೀಲಿಂಗವನ್ನು ಧರಿಸಿ ತಾನು ಯಾರ ಪಾಲಿನದೆಂದು ಸಾರುತ್ತದೆ.

ಇಂಗ್ಲಿಷ್ ಬಾರದ ತಂದೆತಾಯಿಗಳೂ ಇದನ್ನು ಮನೆಯಲ್ಲಿ ಪರೀಕ್ಷಿಸಬಹುದು. ‘ಆಗಿ’ಯನ್ನು ‘ಆದ’ ಮಾಡಿ ನಾಮಪದದ ಹಿಂದೆ ಇಡಿರಿ. ‘ಹಾಡು ಮಧುರವಾಗಿತ್ತು’ ಎಂಬುದು ‘ಮಧುರವಾದ ಹಾಡು’ ಆಗುತ್ತದೆ. ಅಲ್ಲಿ ‘ಲಿ’ ಬೇಡ. ‘ಮಧುರವಾದ ಗಾಯಕರು’ ಎಂದರೆ ಹಾಡಿದ ರೀತಿಯು ತಿಳಿಯುವುದಿಲ್ಲ. ಅಲ್ಲಿ ‘ಲಿ’ ಬೇಕು. ಹಣ್ಣಿನ ರುಚಿ, ಹೂವಿನ ವಾಸನೆ, ಮುಖದ ತೋರಿಕೆ ಇವುಗಳನ್ನು ಹೇಳುವಾಗಲೂ ಇದೇ ನ್ಯಾಯ: ‘ದಿ ಮ್ಯಾಂಗೋ ಟೇಸ್ಟ್ಸ್ ಸ್ವೀಟ್’.

ಇನ್ನು ಕೆಲವನ್ನು ಬಾಯಿಪಾಠ ಮಾಡಿಸಲೇಬೇಕು. ‘ಹಾರ್ಡ್’, ‘ಫಾಸ್ಟ್’ ಎರಡು ಕೆಲಸಕ್ಕೂ ಸಲ್ಲುತ್ತವೆ. ‘ಲೇಟ್’ ಎಂದರೆ ತಡವಾಗಿ, ‘ಲೇಟ್ಲಿ’ ಎಂದರೆ ಇತ್ತೀಚೆಗೆ. ‘ಗುಡ್’ ಎಂಬುದಕ್ಕೆ ಕ್ರಿಯೆಯ ಸಂಗಡ ‘ವೆಲ್’. ‘ಫ್ರೆಂಡ್ಲಿ’, ‘ಲವ್ಲಿ’ ಎಂಬವು ‘ಲಿ’ ಹೊತ್ತಿದ್ದರೂ ವಿಶೇಷಣಗಳೇ.

ಅರ್ಜಿಯಲ್ಲಿ ಎರಡಕ್ಷರ ಹೊಡೆದುಹಾಕಿ ‘ವರ್ಕ್ಡ್ ಹಾರ್ಡ್’ ಮಾಡಿಸಿದೆನು. ಹುಡುಗನು ದುಡಿದದ್ದು ಕಾಗದದ ಮೇಲೂ ನಿಜವಾಯಿತು.