ವಿಕೆಟ್ ಕೆಡವಿದವರು ಯಾರು?

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪಿನ ಕಥೆ. ಅಜ್ಜ-ಅಜ್ಜಿಯರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ನಮ್ಮೂರು ಕಾಗವಾಡದ ಹತ್ತಿರ. ಮಿರಜ್ ಇಲ್ಲೇ ಪಕ್ಕಕ್ಕೆ. ಬೆಂಗಳೂರು ಸುಮಾರು 600 ಕಿಲೋಮೀಟರ್ ದೂರ. ಮಿರಜಿನ ನಮ್ಮ ಬೀಗರು ಮುಂಬೈ ತಂಡದ ಕಡೆಯವರು. ಮುಂಬೈ ಐದು ಸಲ ಐಪಿಎಲ್ ಕಪ್ ಗೆದ್ದಿದೆ. "ನಿಮ್ಮ ಬೆಂಗಳೂರು ಯಾವಾಗ?" ಎಂದು ಮದುವೆಯ ಪಂಕ್ತಿಯಲ್ಲೂ ಕೇಳಿ ನಗುತ್ತಿದ್ದರು. ಆದರೂ ನಾನು ತಂಡ ಬದಲಿಸಲಿಲ್ಲ. ಮಳೆ ಬರಲಿಲ್ಲವೆಂದು ಯಾರಾದರೂ ಊರು ಬಿಡುತ್ತಾರೆಯೇ? 2009ರಲ್ಲಿ, 2011ರಲ್ಲಿ ನಮ್ಮ ತಂಡ ಫೈನಲ್‌ಗೆ ಬಂದು ಸೋತಿತು. ನಾನು ಕಾದೆ.

ಕಾಯುತ್ತಾ ಕಾಯುತ್ತಾ ಮೂಢನಂಬಿಕೆಗಳೂ ಬೆಳೆದವು. ಗೆದ್ದ ದಿನದ ಅಂಗಿಯನ್ನೇ ಮತ್ತೆ ತೊಡುವುದು, ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳದಿರುವುದು. ಇವುಗಳಿಂದ ಯಾರಿಗೂ ನೋವಿರಲಿಲ್ಲ. ನೋವಾದದ್ದು 2016ರ ಫೈನಲ್ ರಾತ್ರಿ.

ಹೈದರಾಬಾದ್ 208 ರನ್ ಮಾಡಿತ್ತು. ಗೇಲ್, ಕೊಹ್ಲಿ ಇಬ್ಬರೇ ಸೇರಿ 114 ರನ್ ಹೊಡೆದಿದ್ದರು. ಆಗ ನನ್ನ ಹೆಂಡತಿ ಚಹಾ ತಂದಳು. ಗೇಲ್ ಔಟ್! ಸ್ವಲ್ಪ ಹೊತ್ತಿಗೆ ಕಪ್ಪು ಬಸಿ ಒಯ್ಯಲು ಬಂದಳು. ಕೊಹ್ಲಿ ಔಟ್! ಕೊನೆಗೆ 8 ರನ್ನಿನಿಂದ ಸೋತೆವು.

"ನೀ ಬಂದಿ, ವಿಕೆಟ್ ಬಿತ್ತು. ಇನ್ನ ಮ್ಯಾಲೆ ಮ್ಯಾಚ್ ಇದ್ದಾಗ ಹೊರಗ ಬರಬ್ಯಾಡ" ಅಂದೆ.

ಅವಳು ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ಬೆಂಗಳೂರಿನ ಆಟವಿದ್ದಾಗ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. "ಎಷ್ಟಾತು?" ಎಂದು ಒಳಗಿನಿಂದಲೇ ಕೇಳುವಳು. ಅವಳಿಗೂ ಆಟ ನೋಡುವ ಆಸೆಯಿದೆಯೆಂದು ಒಂಬತ್ತು ವರ್ಷ ನನಗೆ ಹೊಳೆಯಲೇ ಇಲ್ಲ.

ಅಮೆರಿಕದಲ್ಲೂ ನನ್ನಂಥವರಿದ್ದರು. ಅಲ್ಲಿ ಬೇಸ್‌ಬಾಲ್ ಆಡುವ ಶಿಕಾಗೊ ಕಬ್ಸ್ ಎಂಬ ತಂಡವಿದೆ. 1945ರಲ್ಲಿ ಒಬ್ಬಾತ ಪಂದ್ಯಕ್ಕೆ ತನ್ನ ಆಡನ್ನು ಕರೆತಂದಾಗ ಹೊರಗೆ ಕಳಿಸಿದರಂತೆ. ಆ ಶಾಪದಿಂದಲೇ ತಂಡ ಗೆಲ್ಲುತ್ತಿಲ್ಲ ಎಂದು ಅಭಿಮಾನಿಗಳು ಹೇಳಿಕೊಂಡು ಬಂದರು. 1908ರ ನಂತರ ಕಬ್ಸ್ ಮತ್ತೆ ಗೆದ್ದದ್ದು 2016ರಲ್ಲಿ. ಅವರು ಬಡಪಾಯಿ ಆಡನ್ನು ದೂರಿದರು; ನಾನು ಚಹಾ ತಂದುಕೊಟ್ಟವಳನ್ನು ದೂರಿದೆ.

2025ರ ಜೂನ್ 3. ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ ಫೈನಲ್. ಆರನೇ ತರಗತಿಯ ನನ್ನ ಮೊಮ್ಮಗಳು ನೋಟ್‌ಬುಕ್ ಹಿಡಿದು ಕೂತಿದ್ದಳು. ಬೆಂಗಳೂರಿನ ಬ್ಯಾಟಿಂಗ್ ಮುಗಿದಾಗ 190 ರನ್, 9 ವಿಕೆಟ್.

"ಮುತ್ಯಾ, ಆಯಿ ಒಳಗ ಅದಾಳ. ಮತ್ತ ಈ ಒಂಬತ್ತು ವಿಕೆಟ್ ಕೆಡವಿದವರು ಯಾರು?"

ನನ್ನ ಬಳಿ ಉತ್ತರವಿರಲಿಲ್ಲ. ಅವಳು ಒಳಗೆ ಹೋಗಿ ಆಯಿಯ ಕೈ ಹಿಡಿದು ಕರೆತಂದಳು. ನಾನು ಎದ್ದು ನನ್ನ ಕುರ್ಚಿ ಬಿಟ್ಟುಕೊಟ್ಟೆ.

ಪಂಜಾಬಿನ ವಿಕೆಟ್‌ಗಳು ಬೀಳತೊಡಗಿದವು. ಹೆಂಡತಿ ನೀರು ಕುಡಿಯಲು ಏಳಹೋದಾಗ ನನ್ನ ಬಾಯಿಂದ ಬಂದೇಬಿಟ್ಟಿತು: "ಏಳಬ್ಯಾಡ!"

ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. "ಮೊದಲ ಬರಬ್ಯಾಡ ಅಂದಿ, ಈಗ ಏಳಬ್ಯಾಡ ಅಂತಿ. ಆಯಿ ಏನ್ ಬೌಲಿಂಗ್ ಮಾಡ್ತಾಳೇನು?"

ಕೊನೆಯ ಓವರ್. ಪಂಜಾಬಿಗೆ ಬೇಕಾದದ್ದು 29 ರನ್. ಹೇಜಲ್‌ವುಡ್ ಮೊದಲೆರಡು ಎಸೆತಕ್ಕೆ ಒಂದು ರನ್ನೂ ಕೊಡಲಿಲ್ಲ. ಆಮೇಲೆ ಶಶಾಂಕ್ ಸಿಂಗ್ ಹೊಡೆದದ್ದು ಸಿಕ್ಸ್, ಫೋರ್, ಸಿಕ್ಸ್, ಸಿಕ್ಸ್! ಅಷ್ಟೊತ್ತಿಗೆ ಆಯಿ ಕುರ್ಚಿ ಬಿಟ್ಟೆದ್ದು ಟಿವಿ ಮುಂದೆಯೇ ನಿಂತಿದ್ದಳು. ಆದರೂ 6 ರನ್ನಿನಿಂದ ಗೆದ್ದೆವು. 2009ರಲ್ಲಿ ಸೋತದ್ದೂ ಅದೇ 6 ರನ್ನಿನಿಂದ.

"ನನ್ನದು ತಪ್ಪಾತು" ಅಂದೆ.

"ಅದಿರಲಿ, ಈಗ ಚಹಾ ಯಾರು ಮಾಡೂದು?" ಎಂದಳು, ಟಿವಿಯಿಂದ ಕಣ್ಣು ತೆಗೆಯದೆ. ನಾನು ಅಡುಗೆಮನೆಗೆ ನಡೆದೆ.

ಮಕ್ಕಳೇ, ನಿಮಗೊಂದು ಕೆಲಸ. ನಿಮ್ಮ ಮನೆಯಲ್ಲೂ "ಇವರು ಬಂದರೆ ಕೆಲಸ ಕೆಡುತ್ತದೆ" ಎನ್ನುವವರಿದ್ದರೆ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಹಾಕಿ. ಅವರು ಇದ್ದಾಗ ಏನಾಯಿತು, ಇಲ್ಲದಾಗ ಏನಾಯಿತು, ಎರಡನ್ನೂ ಬರೆಯಿರಿ. ನಾನು ಒಂಬತ್ತು ವರ್ಷ ಒಂದೇ ಸಾಲು ಬರೆದುಕೊಂಡು ಕೂತಿದ್ದೆ.