ಮೈಕ್ ಮುಂದೆ ಬಂತಾ? ಮೈಮರೀಬೇಡಿ!

ಕುಣಿಯೋದು ಕಲಿಸ್ತಾರೆ, ನಗೋದು ಕಲಿಸ್ತಾರೆ. ಆದರೆ ವರದಿಗಾರರು ಬಂದು ಪ್ರಶ್ನೆ ಕೇಳಿದಾಗ ಏನು ಹೇಳಬೇಕು ಅಂತ ಹುಡುಗಿಯರಿಗೆ ಕಲಿಸೋರು ಯಾರು? ಚಿಯರ್ ಲೀಡರ್‌ಗಳ ಕಥೆಯಲ್ಲಿ ನಮ್ಮೂರ ಹೆಣ್ಣುಮಕ್ಕಳಿಗೂ ಪಾಠ ಇದೆ.

ಐಪಿಎಲ್ ನೋಡುವಾಗ ಒಂದು ವಿಷಯ ಗಮನಿಸಿದ್ದೀರಾ? ಸಿಕ್ಸರ್ ಹೊಡೆದವನಿಗೆ ಪಂದ್ಯ ಮುಗಿದ ಮೇಲೆ ಮೈಕ್ ಸಿಗುತ್ತೆ. ವಿಕೆಟ್ ಕಿತ್ತವನಿಗೂ ಸಿಗುತ್ತೆ. ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ತಟ್ಟಿದ ಸಿನಿಮಾ ತಾರೆಗೂ ಸಿಗುತ್ತೆ. ಆದರೆ ಪ್ರತಿ ಬೌಂಡರಿಗೂ ಎದ್ದು ಕುಣಿದ ಚಿಯರ್ ಲೀಡರ್ ಹುಡುಗಿಗೆ? ಅವಳಿಗೆ ಸಿಗೋದು ಕ್ಯಾಮೆರಾ ಮಾತ್ರ. ಅವಳ ಬಗ್ಗೆ ಎಲ್ಲರೂ ಮಾತಾಡ್ತಾರೆ, ಅವಳ ಮಾತು ಕೇಳಿದವರು ಕಡಿಮೆ.

'ಅಯ್ಯೋ, ನಮಗೂ ಅದಕ್ಕೂ ಏನ್ರೀ ಸಂಬಂಧ?' ಅಂತೀರಾ? ಸ್ವಲ್ಪ ತಾಳಿ. ಕಮಲಾಪುರದಿಂದ ದಿನಾ ಬಸ್ ಹತ್ತಿ ಕಲಬುರಗಿಗೆ ಡಿಗ್ರಿ ಓದೋಕೆ ಬರುವ ಒಬ್ಬ ಹುಡುಗಿ ಇದ್ದಾಳೆ ಅಂದುಕೊಳ್ಳಿ. ಕಾಲೇಜಿನ ಡ್ಯಾನ್ಸ್ ಟ್ರೂಪ್‌ನಲ್ಲಿದ್ದಾಳೆ. ಯೂತ್ ಫೆಸ್ಟಿವಲ್, ಮದುವೆಯ ಸಂಗೀತ್ ಕಾರ್ಯಕ್ರಮ, ಶೋರೂಮ್ ಉದ್ಘಾಟನೆ ಅಂತ ಕರೆ ಬರುತ್ತೆ. ಕುಣಿದು ಕೆಳಗಿಳಿಯೋಷ್ಟರಲ್ಲಿ ಯಾವುದೋ ಯೂಟ್ಯೂಬ್ ಚಾನೆಲ್‌ನವರು ಮೈಕ್ ಹಿಡಿದು ನಿಂತಿರ್ತಾರೆ. 'ಮನೇಲಿ ಒಪ್ಪಿದ್ದಾರಾ ಮೇಡಂ?' ಅನ್ನೋದು ಮೊದಲ ಪ್ರಶ್ನೆ. ಅವಳು ಗಾಬರಿಯಲ್ಲಿ ಏನೋ ಹೇಳ್ತಾಳೆ. ಆ 15 ಸೆಕೆಂಡ್ ತುಣುಕು ರಾತ್ರಿಯೊಳಗೆ ಊರಿನ ವಾಟ್ಸಾಪ್ ಗ್ರೂಪಿಗೆ ಬಂದಿರುತ್ತೆ. ಮರುದಿನ ಅವಳ ಕಾಲೇಜೇ ನಿಂತುಹೋದರೂ ಆಶ್ಚರ್ಯವಿಲ್ಲ. ಈಗ ಹೇಳಿ, ಸಂಬಂಧ ಇದೆಯೋ ಇಲ್ಲವೋ?

ಕಥೆ ಶುರುವಾಗಿದ್ದು ಬೆಂಗಳೂರಲ್ಲೇ

2008ರ ಏಪ್ರಿಲ್ 18. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊಟ್ಟಮೊದಲ ಐಪಿಎಲ್ ಪಂದ್ಯ. ಆ ವರ್ಷ ನಮ್ಮ ರಾಯಲ್ ಚಾಲೆಂಜರ್ಸ್ ತಂಡವನ್ನು ಹುರಿದುಂಬಿಸಲು ವಿಜಯ್ ಮಲ್ಯ ಅವರು ಅಮೆರಿಕದಿಂದ ಕರೆಸಿದ್ದು ವಾಷಿಂಗ್ಟನ್ ರೆಡ್‌ಸ್ಕಿನ್ಸ್ ಫುಟ್‌ಬಾಲ್ ತಂಡದ ಚಿಯರ್ ಲೀಡರ್‌ಗಳನ್ನು. ಭಾರತದ ಮನೆಮನೆಗೆ 'ಚಿಯರ್ ಲೀಡರ್' ಅನ್ನೋ ಪದ ಬಂದಿದ್ದು ಆಗಲೇ.

ಆಮೇಲೆ ಶುರುವಾಯ್ತು ನೋಡಿ ಗದ್ದಲ! ನಮ್ಮ ಪಕ್ಕದ ಅಕ್ಕಲಕೋಟೆಯ ಶಾಸಕರಾಗಿದ್ದ, ಆಗ ಮಹಾರಾಷ್ಟ್ರದ ಗೃಹ ಖಾತೆ ರಾಜ್ಯ ಸಚಿವರಾಗಿದ್ದ ಸಿದ್ಧರಾಮ ಮ್ಹೇತ್ರೆ ಅವರು ಇದು ಅಶ್ಲೀಲ ಅಂತ ಆಕ್ಷೇಪ ಎತ್ತಿದರು. 2005ರಲ್ಲಿ ಡ್ಯಾನ್ಸ್ ಬಾರ್ ಮುಚ್ಚಿಸಿದ್ದ ರಾಜ್ಯ ಅದು. ಟೀವಿ ಸ್ಟುಡಿಯೋಗಳಲ್ಲಿ ಬಿಸಿಬಿಸಿ ಚರ್ಚೆ. ಸಂಸ್ಕೃತಿ ಏನಾಗಬೇಕು, ಸ್ಕರ್ಟ್ ಎಷ್ಟುದ್ದ ಇರಬೇಕು... ಮಾತಾಡಿದ್ದು ಮಂತ್ರಿಗಳು, ಮಾಲೀಕರು, ಆಟಗಾರರು. ಸ್ಕರ್ಟ್ ತೊಟ್ಟವಳ ಕೆಲಸದ ಹೊತ್ತೆಷ್ಟು, ಸಂಬಳ ಎಷ್ಟು, ಬೌಂಡರಿ ಆಚೆಯಿಂದ ಕೂಗುವ ಹೊಲಸು ಮಾತಿಗೆ ಅವಳಿಗೆ ರಕ್ಷಣೆ ಏನು ಅನ್ನೋ ಪ್ರಶ್ನೆಗೆ ಆ ಗದ್ದಲದಲ್ಲಿ ಜಾಗ ಇರಲಿಲ್ಲ.

ಅದೇ ವರ್ಷ ಮೇ ತಿಂಗಳಲ್ಲಿ ಬ್ರಿಟನ್ನಿನಿಂದ ಬಂದಿದ್ದ ಇಬ್ಬರು ಕಪ್ಪು ವರ್ಣದ ಚಿಯರ್ ಲೀಡರ್‌ಗಳು, ಮೊಹಾಲಿಯಲ್ಲಿ ತಮ್ಮ ಮೈಬಣ್ಣ ನೋಡಿ ಮೈದಾನಕ್ಕೆ ಇಳಿಯದಂತೆ ತಡೆದರು ಅಂತ ಆರೋಪ ಮಾಡಿದರು. ಸಂಘಟಕರು ಅದನ್ನು ಅಲ್ಲಗಳೆದರು. ಆದರೆ ಇಂಥದ್ದೂ ನಡೆಯಬಹುದು ಅಂತ ದೇಶಕ್ಕೆ ಗೊತ್ತಾಗಿದ್ದು ಆ ಇಬ್ಬರೂ ಪತ್ರಿಕೆ ಮುಂದೆ ಬಾಯಿ ಬಿಟ್ಟಿದ್ದರಿಂದ. 2011ರಲ್ಲಿ ದಕ್ಷಿಣ ಆಫ್ರಿಕಾದ ಒಬ್ಬ ಚಿಯರ್ ಲೀಡರ್ ಪಾರ್ಟಿಗಳಲ್ಲಿ ಆಟಗಾರರ ವರ್ತನೆ ಹೇಗಿರುತ್ತೆ ಅಂತ ಹೆಸರು ಹೇಳದೆ ಅಂತರ್ಜಾಲದಲ್ಲಿ ಬರೆದಳು. ಬರೆದವಳು ಯಾರು ಅಂತ ಗೊತ್ತಾದ ಕೂಡಲೇ ಅವಳನ್ನು ಊರಿಗೆ ಕಳಿಸಿಬಿಟ್ಟರು. ಮಾತಾಡಿದರೆ ಕೆಲಸ ಹೋಗುತ್ತೆ, ಮಾತಾಡದಿದ್ದರೆ ಮಾನ ಹೋಗುತ್ತೆ. ಇದೇ ನೋಡಿ ಇಕ್ಕಟ್ಟು!

ಮುಗುಳ್ನಗೆ ಹಿಂದೆ ಏನಿತ್ತು?

ಬೆಂಗಳೂರಿಗೆ ಬಂದು ನಕ್ಕು ಕುಣಿದು ಹೋದ ರೆಡ್‌ಸ್ಕಿನ್ಸ್ ತಂಡದ ಕಥೆ ಅಲ್ಲಿಗೇ ಮುಗಿಯಲಿಲ್ಲ. 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಂದು ವರದಿ ಮಾಡಿತು. 2013ರಲ್ಲಿ ಕ್ಯಾಲೆಂಡರ್ ಫೋಟೋ ತೆಗೆಯಲು ಈ ತಂಡದ ಹುಡುಗಿಯರನ್ನು ಕೋಸ್ಟರಿಕಾ ದೇಶಕ್ಕೆ ಕರೆದೊಯ್ದರು, ಅಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡರು, ಕೆಲವರನ್ನು ಮೇಲುಡುಪಿಲ್ಲದೆ ನಿಲ್ಲಿಸಿದರು, ಅದನ್ನು ನೋಡಲು ಪ್ರಾಯೋಜಕರನ್ನೂ ಕರೆದಿದ್ದರು ಅಂತ ಆ ಹುಡುಗಿಯರು ಹೇಳಿಕೊಂಡಿದ್ದರು. 2020ರಲ್ಲಿ ವಾಷಿಂಗ್ಟನ್ ಪೋಸ್ಟ್ ಇನ್ನೊಂದು ವಿಷಯ ಬಯಲು ಮಾಡಿತು. ಅವರು ಬೆಂಗಳೂರಿಗೆ ಬಂದಿದ್ದ 2008ರ ವರ್ಷದ್ದೂ ಸೇರಿ ಎರಡು ಕ್ಯಾಲೆಂಡರ್ ಶೂಟಿಂಗ್‌ಗಳಲ್ಲಿ, ಹುಡುಗಿಯರಿಗೇ ತಿಳಿಯದಂತೆ ಅಶ್ಲೀಲ ವಿಡಿಯೋ ತುಣುಕುಗಳನ್ನು ಜೋಡಿಸಲಾಗಿತ್ತಂತೆ! ತಂಡದ ಮಾಲೀಕರು ತಮಗೆ ಇದರ ಅರಿವೇ ಇರಲಿಲ್ಲ ಎಂದರು. 2021ರಲ್ಲಿ ತಂಡ ಹಳೆಯ ಚಿಯರ್ ಲೀಡರ್‌ಗಳ ಜತೆ ರಾಜಿ ಮಾಡಿಕೊಂಡಿತು. ಅದೇ ವರ್ಷ ಹುಡುಗಿಯರ ಆ ತಂಡವನ್ನೇ ನಿಲ್ಲಿಸಿ, ಗಂಡು ಹೆಣ್ಣು ಇಬ್ಬರೂ ಇರುವ ನೃತ್ಯ ತಂಡ ಮಾಡಿತು.

ಇದರಲ್ಲಿ ನಮಗೆ ಮುಖ್ಯವಾದ ಮಾತು ಯಾವುದು ಗೊತ್ತಾ? 2018ರ ವರದಿಗೆ ಮಾತಾಡಿದ ಹುಡುಗಿಯರು ತಮ್ಮ ಹೆಸರು ಹಾಕಬಾರದು ಅನ್ನೋ ಷರತ್ತಿನ ಮೇಲೇ ಮಾತಾಡಿದ್ದರು. ಯಾಕಂದ್ರೆ ಯಾರ ಮುಂದೂ ಏನೂ ಹೇಳಬಾರದು ಅಂತ ಕರಾರಿಗೆ ಸಹಿ ಹಾಕಿಸಿಕೊಂಡಿದ್ದರು. ಮಾತಾಡುವುದಕ್ಕೆ ಮೊದಲೇ ಷರತ್ತು ಹೇಳಿದರು, ಆಮೇಲೆ ಬಾಯಿ ಬಿಟ್ಟರು. ಇದು ಬರೀ ಧೈರ್ಯ ಅಲ್ಲ, ಜಾಣತನವೂ ಹೌದು.

ತರಬೇತಿ ಎರಡು ಥರ

ಅಮೆರಿಕದಲ್ಲಿ ಚಿಯರ್ ಲೀಡರ್ ಆಯ್ಕೆ ಅಂದರೆ ಬರೀ ಕುಣಿತ ಅಲ್ಲ. 1972ರಿಂದ ಈಗಿನ ರೂಪದಲ್ಲಿರುವ ಡಲ್ಲಾಸ್ ಕೌಬಾಯ್ಸ್ ಚಿಯರ್ ಲೀಡರ್ಸ್ ತಂಡದಲ್ಲಿ ಬರವಣಿಗೆಯ ಪರೀಕ್ಷೆ ಇದೆ, ಸಂದರ್ಶನ ಇದೆ. ಚೆನ್ನಾಗಿ ಕುಣಿದರೂ ಮಾತಲ್ಲಿ ತಡವರಿಸಿದರೆ ಕಷ್ಟ. ಯಾಕಂದ್ರೆ ಅವರು ಆಸ್ಪತ್ರೆಗೆ, ಶಾಲೆಗೆ, ಟೀವಿ ಕಾರ್ಯಕ್ರಮಕ್ಕೆ ಹೋಗಿ ತಂಡದ ಪರವಾಗಿ ಮಾತಾಡಬೇಕು.

ಆದರೆ ಎಚ್ಚರ! ಮಾತಿನ ತರಬೇತಿ ಎರಡು ಥರ ಇರುತ್ತೆ. ಒಂದು, ತಂಡದ ಮಾನ ಉಳಿಸೋದು: ನಗಿ, ಥ್ಯಾಂಕ್ಸ್ ಹೇಳಿ, ವಿಷಯ ತೇಲಿಸಿ. ಇನ್ನೊಂದು, ನಿಮ್ಮ ಮಾನ ಉಳಿಸೋದು: ಏನು ಹೇಳಬೇಕು, ಏನು ಹೇಳಬಾರದು, ಯಾವಾಗ ಎದ್ದು ಹೋಗಬೇಕು ಅನ್ನೋದನ್ನು ನೀವೇ ತೀರ್ಮಾನಿಸೋದು. ಮೊದಲನೆಯದನ್ನು ಸಂಬಳ ಕೊಡೋರು ಕಲಿಸ್ತಾರೆ. ಎರಡನೆಯದನ್ನು ನಾವೇ ಕಲೀಬೇಕು.

ಎರಡನೆಯದರ ಫಲ ಏನು ಅಂತಲೂ ನೋಡಿ. 2014ರಲ್ಲಿ ಓಕ್ಲೆಂಡ್ ರೈಡರ್ಸ್ ತಂಡದ ಹುಡುಗಿಯರು ಸಂಬಳದ ಮೋಸದ ಬಗ್ಗೆ ಕೋರ್ಟಿಗೆ ಹೋಗಿ, ಪತ್ರಿಕೆಗಳಿಗೂ ಹೇಳಿದರು. 12.5 ಲಕ್ಷ ಡಾಲರ್‌ಗೆ ರಾಜಿಯಾಯ್ತು. 2015ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಚಿಯರ್ ಲೀಡರ್‌ಗಳೂ ನೌಕರರೇ ಅಂತ ಕಾನೂನು ಮಾಡಿತು. 2024ರಲ್ಲಿ ಡಲ್ಲಾಸ್ ತಂಡದ ಮೇಲೆ ನೆಟ್‌ಫ್ಲಿಕ್ಸ್ ಸರಣಿ ಬಂದಾಗ, ಇಷ್ಟು ದುಡಿಮೆಗೆ ಇಷ್ಟೇ ಸಂಬಳವಾ ಅನ್ನೋ ಮಾತು ಊರಗಲ ಆಯ್ತು. 2025ರಲ್ಲಿ ಆ ಹುಡುಗಿಯರಿಗೆ ಸುಮಾರು ಶೇ 400ರಷ್ಟು ಸಂಬಳ ಏರಿಕೆ ಸಿಕ್ಕಿತು. ಕ್ಯಾಮೆರಾ ಮುಂದೆ ಆಡಿದ ಅಳತೆಯ ಮಾತಿಗೆ ಎಷ್ಟು ಬೆಲೆ ಇದೆ ನೋಡಿ!

ಮೈಕ್ ಬಂದಾಗ ನೀವೇನು ಮಾಡಬೇಕು?

ನೀವು ಡ್ಯಾನ್ಸರ್ ಆಗಿರಿ, ಕಬಡ್ಡಿ ಆಟಗಾರ್ತಿ ಆಗಿರಿ, ಸ್ವಸಹಾಯ ಸಂಘದ ಅಧ್ಯಕ್ಷೆ ಆಗಿರಿ, ಈ ಸೂತ್ರಗಳು ಎಲ್ಲರಿಗೂ ಒಂದೇ.

* ಮೊದಲು ನೀವೇ ಪ್ರಶ್ನೆ ಕೇಳಿ. ಯಾವ ಚಾನೆಲ್? ಏನು ವಿಷಯ? ಲೈವ್ ಇದೆಯಾ, ರೆಕಾರ್ಡಿಂಗಾ? ಇದನ್ನು ಕೇಳೋಕೆ ಸಂಕೋಚ ಬೇಡ. ಒಳ್ಳೆಯ ವರದಿಗಾರರು ಬೇಜಾರು ಮಾಡಿಕೊಳ್ಳಲ್ಲ.

* ಮೂರೇ ಮಾತು ಸಿದ್ಧ ಇರಲಿ. ನಾನು ಏನು ಮಾಡ್ತೀನಿ, ಯಾಕೆ ಮಾಡ್ತೀನಿ, ಅದಕ್ಕೆ ಎಷ್ಟು ಶ್ರಮ ಬೇಕು. ಏನೇ ಕೇಳಿದರೂ ಸುತ್ತಿ ಬಳಸಿ ಈ ಮೂರಕ್ಕೇ ಬನ್ನಿ.

* ಚಿಕ್ಕ ವಾಕ್ಯ ಹೇಳಿ. ಉದ್ದ ಮಾತಾಡಿದರೆ ಕತ್ತರಿ ಅವರ ಕೈಗೆ ಹೋಗುತ್ತೆ. 15-20 ಸೆಕೆಂಡ್‌ನಲ್ಲಿ ಮುಗಿಯುವ ಉತ್ತರವನ್ನು ಕತ್ತರಿಸೋದು ಕಷ್ಟ.

* ಅವರ ಕೆಟ್ಟ ಪದವನ್ನು ನೀವು ಎತ್ತಿಕೊಳ್ಳಬೇಡಿ. 'ಇದು ಅಶ್ಲೀಲ ಅಲ್ವಾ?' ಅಂದರೆ 'ಅಶ್ಲೀಲ ಅಲ್ಲ' ಅನ್ನಬೇಡಿ. ಹೆಡ್‌ಲೈನ್‌ನಲ್ಲಿ ಉಳಿಯೋದು ಆ ಪದವೇ. 'ಇದು ದಿನಕ್ಕೆ ಮೂರು ತಾಸು ಅಭ್ಯಾಸ ಬೇಡುವ ಕೆಲಸ' ಅನ್ನಿ.

* 'ಬರೀಬೇಡಿ ಅಂತ ಹೇಳ್ತೀನಿ' ಅನ್ನೋದನ್ನು ಹೇಳಿದ ಮೇಲೆ ಸೇರಿಸಿದರೆ ಉಪಯೋಗವಿಲ್ಲ. ಹೆಸರು ಬೇಡ, ಮುಖ ಬೇಡ ಅನ್ನೋದನ್ನು ಮೊದಲೇ ಮಾತಾಡಿ, ಅವರು ಒಪ್ಪಿದ ಮೇಲೆ ಬಾಯಿ ತೆರೆಯಿರಿ. ಮೈಕ್ ಆಫ್ ಆಗಿದೆ ಅಂತ ನಂಬಿ ಹರಟಬೇಡಿ.

* ಹಾಸ್ಟೆಲ್ ಯಾವುದು, ಎಷ್ಟು ಗಂಟೆ ಬಸ್ಸಿಗೆ ಹೋಗ್ತೀರಿ, ಅಪ್ಪನ ಕೆಲಸ ಎಲ್ಲಿ, ಇದ್ಯಾವುದನ್ನೂ ಹೇಳಬೇಡಿ. ನೋಡೋರಲ್ಲಿ ಎಲ್ಲರೂ ಒಳ್ಳೆಯವರಿರಲ್ಲ.

ಹೀಗೆ ಕೇಳಿದ್ರೆ ಹೀಗೆ ಹೇಳಿ

'ಮನೇಲಿ ಒಪ್ಪಿದ್ದಾರಾ?' - 'ನನ್ನ ಕೆಲಸದ ಬಗ್ಗೆ ಕೇಳಿ ಸರ್, ಖುಷಿಯಿಂದ ಹೇಳ್ತೀನಿ.'

'ಇಂಥ ಬಟ್ಟೆ ಹಾಕೋಕೆ ನಾಚಿಕೆ ಆಗಲ್ವಾ?' - 'ಇದು ನಮ್ಮ ವೇದಿಕೆಯ ಉಡುಪು. ಕುಸ್ತಿಯವರಿಗೆ ಒಂದು ಉಡುಪು ಇರುತ್ತೆ, ಈಜೋರಿಗೆ ಒಂದು ಇರುತ್ತೆ.'

'ಎಷ್ಟು ಕೊಡ್ತಾರೆ?' - ಹೇಳೋದೂ ಬಿಡೋದೂ ನಿಮ್ಮಿಷ್ಟ. ಆದರೆ ಸುಳ್ಳು ಬೇಡ. 'ಶ್ರಮಕ್ಕೆ ತಕ್ಕಷ್ಟು ಸಿಗಬೇಕು ಅನ್ನೋದು ನಮ್ಮೆಲ್ಲರ ಆಸೆ' ಅಂದರೂ ಸಾಕು.

ಮತ್ತೆ ಮತ್ತೆ ಕೆಣಕಿದರೆ? 'ಧನ್ಯವಾದ, ನನ್ನ ಮಾತು ಮುಗೀತು' ಅಂತ ನಗುತ್ತಲೇ ಹೊರಟುಬಿಡಿ. ಉತ್ತರ ಕೊಡಲೇಬೇಕು ಅಂತ ಎಲ್ಲೂ ಕಾಯ್ದೆ ಇಲ್ಲ!

ನಮ್ಮ ಭಾಷೆ ನಮಗೆ ಚೆಂದ

ನಮ್ಮ ಭಾಗದ ಹುಡುಗಿಯರಿಗೆ ಇನ್ನೊಂದು ಅಳುಕಿದೆ. 'ನಮ್ದು ಕಲಬುರಗಿ ಕನ್ನಡ, ಟೀವಿಯೊಳಗ ನಗ್ತಾರ್ರೀ' ಅಂತಾರೆ. ನಗಲಿ ಬಿಡ್ರೀ! ರಾಜ್ಯದಲ್ಲಿ ದೂರದರ್ಶನ ಕೇಂದ್ರ ಮೊದಲು ಶುರುವಾಗಿದ್ದು ಬೆಂಗಳೂರಲ್ಲಲ್ಲ, 1977ರಲ್ಲಿ ನಮ್ಮ ಕಲಬುರಗಿಯಲ್ಲಿ. ಆಗ ಊರಿನ ಹೆಸರು ಗುಲಬರ್ಗಾ, ಅಷ್ಟೇ. ಬಾರದ ಬೆಂಗಳೂರು ಕನ್ನಡಕ್ಕೆ, ಅರ್ಧಂಬರ್ಧ ಇಂಗ್ಲಿಷಿಗೆ ತಡಕಾಡಿದಾಗಲೇ ಬಾಯಿ ತಪ್ಪೋದು. ಮನೆಮಾತಲ್ಲಿ ಮಾತಾಡಿದರೆ ಯೋಚನೆಯೂ ನೆಟ್ಟಗಿರುತ್ತೆ. ಕಮಲಾಪುರದ ಕೆಂಪು ಬಾಳೆಹಣ್ಣು ನೋಡಿ, ಉಳಿದ ಹಣ್ಣಿನ ಹಾಗೆ ಕಾಣಲ್ಲ. ಅದಕ್ಕೇ ಭೌಗೋಳಿಕ ಮಾನ್ಯತೆ ಸಿಕ್ಕಿದೆ ಅಲ್ವಾ?

ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ 2024ರ ಮಹಿಳಾ ಪ್ರೀಮಿಯರ್ ಲೀಗ್ ಫೈನಲ್‌ನಲ್ಲಿ 12 ರನ್ನಿಗೆ 4 ವಿಕೆಟ್ ಕಿತ್ತು ಆರ್‌ಸಿಬಿಗೆ ಕಪ್ ತಂದರು, ಪರ್ಪಲ್ ಕ್ಯಾಪನ್ನೂ ಗೆದ್ದರು. 2022ರ ಮಹಾರಾಜ ಟ್ರೋಫಿ ಗೆದ್ದಿದ್ದು ಗುಲಬರ್ಗಾ ಮಿಸ್ಟಿಕ್ಸ್. ನಮ್ಮ ಹೆಣ್ಣುಮಕ್ಕಳ ಮುಂದೆ ಮೈಕ್ ಬರೋದು ಇನ್ನು ಹೆಚ್ಚೇ ಹೊರತು ಕಡಿಮೆ ಆಗಲ್ಲ.

ಕಾನೂನು ನಿಮ್ಮ ಕಡೆ ಇದೆ

ಟ್ರೂಪ್ ಸೇರುವಾಗ ಕಾಗದಕ್ಕೆ ಸಹಿ ಹಾಕೋ ಮುಂಚೆ ಓದಿ, ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ಮಾಧ್ಯಮದವರ ಜತೆ ಮಾತಾಡಬಾರದು ಅಂತ ಅದರಲ್ಲಿ ಇರಬಹುದು. ತಂಡದ ವ್ಯವಹಾರದ ಗುಟ್ಟಿಗೆ ಅದು ಸರಿ. ಆದರೆ ಅಪರಾಧ ಮುಚ್ಚಿಡೋಕೆ ಮಾಡಿಕೊಂಡ ಕರಾರಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಪೊಲೀಸರಿಗೆ ದೂರು ಕೊಡುವುದನ್ನು ಯಾವ ಕಾಗದವೂ ತಡೆಯೋಕಾಗಲ್ಲ.

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ನಿಮಗೂ ಅನ್ವಯಿಸುತ್ತೆ. ಹತ್ತಕ್ಕಿಂತ ಕಡಿಮೆ ಜನ ಇರುವ ಪುಟ್ಟ ಟ್ರೂಪ್ ಆದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ 3 ತಿಂಗಳೊಳಗೆ ಲಿಖಿತ ದೂರು ಕೊಡಬಹುದು. ದೂರು ಕೊಟ್ಟವಳ ಹೆಸರನ್ನು ಮಾಧ್ಯಮಕ್ಕೆ ಕೊಡುವಂತಿಲ್ಲ. ಇನ್ನು ಬಟ್ಟೆ ಬದಲಿಸುವಾಗ ಕದ್ದು ವಿಡಿಯೋ ಮಾಡಿದರೆ, ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಮೊದಲ ಸಲಕ್ಕೇ 1ರಿಂದ 3 ವರ್ಷ ಜೈಲು. ಸಹಾಯಕ್ಕೆ ಮಹಿಳಾ ಸಹಾಯವಾಣಿ 181, ಸೈಬರ್ ವಂಚನೆ ಮತ್ತು ಅಪರಾಧದ ದೂರಿಗೆ 1930 ನೆನಪಿಡಿ.

ಅಮ್ಮಂದಿರಿಗೆ ಒಂದು ಮಾತು

ಮಗಳ ಕ್ಲಿಪ್ ಮೊಬೈಲಿಗೆ ಬಂದ ಕೂಡಲೇ ಕಾಲೇಜು ಬಿಡಿಸಬೇಡಿ ತಾಯಿ. ಮೊದಲು ಅವಳನ್ನೇ ಕೂರಿಸಿ ಕೇಳಿ, ಪೂರ್ತಿ ಮಾತು ಏನಿತ್ತು ಅಂತ. ಕತ್ತರಿಸಿದ ತುಣುಕು ನಂಬಿ ಮಗಳನ್ನು ಅನುಮಾನಿಸಿದರೆ, ಮುಂದೆ ನಿಜವಾಗಲೂ ತೊಂದರೆ ಆದಾಗ ಅವಳು ನಿಮ್ಮ ಹತ್ತಿರವೇ ಬಾಯಿ ಬಿಡಲ್ಲ.

ಕಾಲೇಜುಗಳೂ ಸ್ವಲ್ಪ ಮನಸ್ಸು ಮಾಡಬೇಕು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲೇ ಪತ್ರಿಕೋದ್ಯಮ ವಿಭಾಗ ಇದೆ. ಅಲ್ಲಿನ ವಿದ್ಯಾರ್ಥಿಗಳು ವರದಿಗಾರರಾಗಿ, ನೃತ್ಯ, ಕ್ರೀಡೆಯ ಹುಡುಗಿಯರು ಉತ್ತರ ಕೊಡುವವರಾಗಿ ಒಂದು ದಿನದ ಅಣಕು ಸಂದರ್ಶನ ನಡೆಸಿದರೆ ಖರ್ಚು ಎಷ್ಟಾದೀತು? ಎರಡೂ ಕಡೆಯವರು ಕಲೀತಾರೆ.

ಅಲ್ಲೀವರೆಗೆ ಮನೆಯಲ್ಲೇ ಶುರು ಮಾಡಿ. ವಾರಕ್ಕೊಮ್ಮೆ ಗೆಳತಿ ಕೈಗೆ ಮೊಬೈಲ್ ಕೊಟ್ಟು ಐದು ಕಿರಿಕಿರಿ ಪ್ರಶ್ನೆ ಕೇಳೋಕೆ ಹೇಳಿ, ರೆಕಾರ್ಡ್ ಮಾಡಿ ನೋಡಿ. ಮೊದಲ ಸಲ ನಗು ಬರುತ್ತೆ, ಎರಡನೇ ಸಲ ತಪ್ಪು ಕಾಣುತ್ತೆ, ಮೂರನೇ ಸಲ ಧೈರ್ಯ ಬರುತ್ತೆ. ಆಮೇಲೆ ಮೈಕ್ ಬರಲಿ ಬಿಡಿ, ನೋಡೇ ಬಿಡೋಣ!